ಕಡಲಕಳೆಯ ಸತ್ವ ಮತ್ತು ಔಷಧಿ ಬೆಳೆ: ತೂಕಕ್ಕಿಂತ ಗುಣ ಮುಖ್ಯ

ಬೆಳೆಗೆ ಹುರುಪು ನೀಡುವ ಜೈವಿಕ ಉತ್ತೇಜಕಗಳನ್ನು ಕೇಂದ್ರ ಸರಕಾರವು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದಿತು. ತಾತ್ಕಾಲಿಕ ನೋಂದಣಿಯ ಮೇಲೆ ಮಾರಾಟ ನಡೆಸುವ ಅವಕಾಶ 2025ರ ಜೂನ್‌ನಲ್ಲಿ ಕೊನೆಗೊಂಡಿತು. ಒಂದು ಕಾಲದಲ್ಲಿ ಸುಮಾರು 30,000 ಉತ್ಪನ್ನಗಳು ತಪಾಸಣೆಯಿಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ಕ್ರಮದ ಬಳಿಕ ಅವು ಸುಮಾರು 650ಕ್ಕೆ ಇಳಿದಿವೆ ಎಂದು ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಆಗ ಹೇಳಿದರು. ಈ ಉತ್ಪನ್ನಗಳಲ್ಲಿ ಕಡಲಕಳೆಯ ಸತ್ವಕ್ಕೆ ಪ್ರಮುಖ ಸ್ಥಾನವಿದೆ. ಆದುದರಿಂದ ಅದು ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ನಾವು ವಿವೇಚಿಸಬೇಕಾಗಿದೆ.

ಈ ಪದಾರ್ಥದ ಮೂಲ ನಮಗೆ ದೂರದ್ದಲ್ಲ. ಹೊಸೂರು, ತಾಳವಾಡಿಗಳ ಕನ್ನಡಿಗರು ನೆಲೆಸಿರುವ ತಮಿಳುನಾಡಿನದೇ ರಾಮನಾಥಪುರ ಕರಾವಳಿಯಲ್ಲಿ ಮೀನುಗಾರ ಮಹಿಳೆಯರು ಬಿದಿರಿನ ತೆಪ್ಪಗಳ ಮೇಲೆ ಕಪ್ಪಾಫೈಕಸ್ ಎಂಬ ಕಡಲಕಳೆಯನ್ನು ಬೆಳೆಯುತ್ತಾರೆ. ಹಸಿ ಕಳೆಯಿಂದ ರಸ ಹಿಂಡಿ, ಉಳಿದ ಭಾಗದಿಂದ ಕ್ಯಾರಗೀನನ್ ತೆಗೆಯುವ ವಿಧಾನವನ್ನು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ರೂಪಿಸಿತು. ಇದೇ ಜಿಲ್ಲೆಯ ವಲಮಾವೂರಿನಲ್ಲಿ 127.71 ಕೋಟಿ ರೂಪಾಯಿ ವೆಚ್ಚದ ಕಡಲಕಳೆ ಉದ್ಯಾನಕ್ಕೆ 2023ರಲ್ಲಿ ಶಂಕುಸ್ಥಾಪನೆಯಾಯಿತು.

ಔಷಧಿ ಸಸ್ಯಗಳ ಕುರಿತು ಗಮನಾರ್ಹ ಕೆಲಸ ನಡೆದದ್ದು ಆಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ. ಕಂದು ಕಡಲಕಳೆಯಲ್ಲಿ ಆಲ್ಜಿನೇಟ್ ಎಂಬ ಉದ್ದನೆಯ ಸಕ್ಕರೆ ಸರಪಳಿಯಿದೆ. ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿದರೆ ಅದು ಚಿಕ್ಕ ತುಂಡುಗಳಾಗುತ್ತದೆ. ಅವನ್ನು ಲೀಟರಿಗೆ ಮಿಲಿಗ್ರಾಂಗಳ ಲೆಕ್ಕದಲ್ಲಿ ನೀರಿಗೆ ಬೆರೆಸಿ ಎಲೆಗಳಿಗೆ ಸಿಂಪಡಿಸಿದಾಗ ನಿತ್ಯಪುಷ್ಪ, ಸೋಂಪು, ಆರ್ಟಿಮೀಸಿಯಗಳ ಬೆಳವಣಿಗೆಯೊಂದಿಗೆ ಔಷಧಿ ಅಂಶವೂ ಹೆಚ್ಚಿದುದು ಕಂಡುಬಂದಿತು. ಇಷ್ಟು ಅಲ್ಪ ಪ್ರಮಾಣವು ಗಿಡಕ್ಕೆ ಆಹಾರವಾಗಲಾರದು. ಅದೊಂದು ಸೂಚನೆ ಮಾತ್ರ. ರೋಗಾಣು ಬಂದಿತೆಂಬ ಎಚ್ಚರಿಕೆ ಸಿಕ್ಕಂತೆ ಗಿಡವು ತನ್ನ ರಕ್ಷಣಾ ರಸಾಯನಗಳನ್ನು ಹೆಚ್ಚಿಸಿಕೊಳ್ಳುತ್ತದೆ. ನಮಗೆ ಔಷಧಿಯಾಗುವುದು ಬಹುಮಟ್ಟಿಗೆ ಅವೇ. ಗೊಬ್ಬರದ ಬದಲಿಗೆ ಇದನ್ನು ಬಳಸಿದವನು ನಷ್ಟಕ್ಕೊಳಗಾಗುತ್ತಾನೆ. ಪ್ರಮಾಣ ಮೀರಿ ಸುರಿದವನಿಗೂ ಹೆಚ್ಚಿನ ಫಲವಿಲ್ಲ.

ಮುಖ್ಯ ತೊಡಕು ಇರುವುದು ಮಾರುಕಟ್ಟೆಯಲ್ಲಿ. ನಿತ್ಯಪುಷ್ಪದ ಎಲೆಯಿಂದ ಕ್ಯಾನ್ಸರ್ ಔಷಧಿಗಳಾದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ದೊರೆಯುತ್ತವೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಸುಮಾರು 500 ಕಿಲೋ ಒಣ ಎಲೆ ಬೇಕೆಂಬ ಲೆಕ್ಕವಿದೆ. ಎಲೆಯಲ್ಲಿನ ಸತ್ವ ತುಸು ಏರಿದರೂ ಕಾರ್ಖಾನೆಗೆ ದೊಡ್ಡ ಲಾಭ. ಆದರೆ ಎಲೆಯನ್ನು ತೂಕದ ಮೇಲೆಯೇ ಕೊಂಡರೆ ಸಿಂಪಡಣೆಯ ಖರ್ಚು ರೈತನದು, ಹೆಚ್ಚಿದ ಗುಣದ ಲಾಭ ಕೊಳ್ಳುವವನದು. ತಾಳವಾಡಿಯ ಅರಿಶಿನಕ್ಕೂ ಇದೇ ಮಾತು ಸಲ್ಲುತ್ತದೆ: ಕರ್ಕ್ಯುಮಿನ್ ಅಂಶಕ್ಕೆ ಬೆಲೆ ಕಟ್ಟದಿದ್ದಲ್ಲಿ ಅದನ್ನು ಹೆಚ್ಚಿಸುವ ಉಪಾಯದಿಂದ ಬೆಳೆಗಾರನಿಗೆ ಪ್ರಯೋಜನವೇನು?

ಇನ್ನೆರಡು ಎಚ್ಚರಿಕೆಗಳು ಅಗತ್ಯ. ಕಡಲಕಳೆಯು ಸಮುದ್ರದ ಆರ್ಸೆನಿಕ್, ಕ್ಯಾಡ್ಮಿಯಂಗಳನ್ನೂ ಹೀರಿಕೊಳ್ಳಬಲ್ಲದು. ನಿಯಂತ್ರಣ ಆದೇಶವು ಭಾರಲೋಹಗಳಿಗೆ ಮಿತಿ ಗೊತ್ತುಪಡಿಸಿದೆ. ರೋಗಿಯ ಹೊಟ್ಟೆ ಸೇರುವ ಬೆಳೆಯಲ್ಲಿ ಅದರ ಪಾಲನೆ ಇನ್ನೂ ಕಟ್ಟುನಿಟ್ಟಾಗಿರಬೇಕು. ಎರಡನೆಯದಾಗಿ, ಹೊರದೇಶದಿಂದ ಬಂದ ಕಪ್ಪಾಫೈಕಸ್ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿದುದನ್ನು 2008ರಲ್ಲಿಯೇ ವಿಜ್ಞಾನಿಗಳು ವರದಿ ಮಾಡಿದ್ದರು. ಹೊಲದ ಸಮೃದ್ಧಿಗಾಗಿ ಕಡಲನ್ನು ಬಲಿಗೊಡಲಾಗದು.

ಈ ಉತ್ಪನ್ನಗಳಿಗೆ ಸಿಗುವ ಒಪ್ಪಿಗೆ ನಿರ್ದಿಷ್ಟ ಬೆಳೆಗಳಿಗೆ ಸಂಬಂಧಿಸಿದ್ದು. ಟೊಮೆಟೊದಲ್ಲಿ ಇಳುವರಿ ಹೆಚ್ಚಿತೆಂಬ ಪರೀಕ್ಷೆಯು ಔಷಧಿ ಬೆಳೆಯ ಸತ್ವಕ್ಕೆ ಸಾಕ್ಷಿಯಾಗದು. ಆದುದರಿಂದ ಕೊಳ್ಳುವ ಮುನ್ನ ಬಾಟಲಿಯ ಮೇಲೆ ತಮ್ಮ ಬೆಳೆಯ ಹೆಸರಿದೆಯೇ ಎಂದು ರೈತಬಂಧುಗಳು ನೋಡಬೇಕು. ಮೊದಲು ಹೊಲದ ಒಂದು ಮೂಲೆಯಲ್ಲಿ ಮಾತ್ರ ಸಿಂಪಡಿಸಿ, ಸಿಂಪಡಿಸದ ಭಾಗದೊಡನೆ ಹೋಲಿಸಬೇಕು. ಸರಕಾರಗಳು ಸತ್ವವನ್ನು ಅಳೆಯುವ ಪ್ರಯೋಗಾಲಯ ಸೌಲಭ್ಯವನ್ನು ಬೆಳೆಗಾರನ ಕೈಗೆಟುಕುವಂತೆ ಮಾಡಬೇಕು. ಗಡಿನಾಡಿನ ಕನ್ನಡ ರೈತನಿಗೆ ಪ್ರಮಾಣ, ಎಚ್ಚರಿಕೆಗಳ ವಿವರ ಕನ್ನಡದಲ್ಲಿಯೂ ದೊರೆಯಬೇಕು. ಓದಲಾಗದ ಚೀಟಿಯನ್ನು ನಂಬಿ ಸಿಂಪಡಿಸುವ ಪರಿಸ್ಥಿತಿ ಇರುವವರೆಗೆ ನಿಯಂತ್ರಣ ಆದೇಶದ ಉದ್ದೇಶ ನಮ್ಮ ಹೊಲಗಳಲ್ಲಿ ಪೂರ್ಣವಾಗದು.