‘ನನಗೆ’ ಯಾಕೆ, ‘ನಾನು’ ಯಾಕಲ್ಲ?

ಭಾಷಾ ಬೋಧನಾ ಸಹಾಯಕರಾಗಿ ಪುಣೆಯಿಂದ ಅಮೆರಿಕಕ್ಕೆ ಹೊರಟ ಕನ್ನಡಿಗರು ಮೊದಲು ವಿಚಾರಿಸುವುದು ಚಳಿ, ಬಾಡಿಗೆ, ಅಡುಗೆ. ಅವೆಲ್ಲ ಹೇಗೋ ಹೊಂದಿಕೊಳ್ಳುತ್ತವೆ. ಫುಲ್‌ಬ್ರೈಟ್ ಯೋಜನೆಯಲ್ಲಾದರೆ ಇರುವುದೇ ಸುಮಾರು 9 ತಿಂಗಳು. ಪರದಾಟವಿರುವುದು ತರಗತಿಯಲ್ಲಿ. ವಿದ್ಯಾರ್ಥಿ ‘ನಾನು ಹಸಿವಾಗಿದ್ದೇನೆ’ ಎನ್ನುತ್ತಾನೆ. ತಿದ್ದಿದರೆ, ‘ನನಗೆ’ ಯಾಕೆ ಎಂದು ಕೇಳುತ್ತಾನೆ. (‘ಹಸಿದಿದ್ದೇನೆ’ ಸರಿಯೇ, ಆದರೆ ಮನೆಯಲ್ಲಿ ಯಾರು ಹಾಗನ್ನುತ್ತಾರೆ?) ಪುಣೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಪಕ್ಕದ ಮನೆಯವರೂ ‘ಮಲಾ ಭೂಕ್ ಲಾಗ್ಲಿ’ ಎನ್ನುವವರೇ. ಶಾಲೆಯ ವ್ಯಾಕರಣ ಚತುರ್ಥಿ ವಿಭಕ್ತಿ ಎಂದು ಹೆಸರಿಟ್ಟು ಸುಮ್ಮನಾಗುತ್ತದೆ. ‘ನಮ್ಮಲ್ಲಿ ಹಾಗೇ’ ಎಂದು ತಪ್ಪಿಸಿಕೊಂಡ ಸಹಾಯಕರು ಕೊನೆಗೆ ದೀಪಾವಳಿಗೆ ಸೀರೆ ಉಡಿಸುವವರಾಗಿ ಉಳಿಯುತ್ತಾರೆ. ಚಟ್ನಿಪುಡಿಯ ಪಕ್ಕದಲ್ಲಿ ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಇರಲಿ. ಹೊರಡುವ ಮುಂಚೆ ಈ ‘ಗೆ’ಯೊಂದರ ಮೇಲೇ ಅರ್ಧ ಗಂಟೆಯ ಪಾಠ ಬರೆದುಕೊಳ್ಳಿ: ಹಸಿವು, ನಿದ್ದೆ, ಕೋಪ, ಮನೆಯ ನೆನಪು.