ಪ್ಯಾಕೇಜನ್ನು ನಾವೇ ಹಾಕಿಕೊಳ್ಳಲು ಬಿಡಿ

ಕಂಪ್ಯೂಟರ್ ಸೈನ್ಸ್ ಓದುವ ನಾವು ಪೈಥಾನ್‌ನಲ್ಲಿ ಸ್ಟ್ಯಾಕ್, ಕ್ಯೂ, ಸಾರ್ಟಿಂಗ್ ಪ್ರೋಗ್ರಾಂ ಬರೆಯುತ್ತೇವೆ, ರೆಕಾರ್ಡಿಗೆ ಸಹಿ ಬೀಳುತ್ತದೆ. ಆದರೆ ಲ್ಯಾಬಿನ ಕಂಪ್ಯೂಟರಿಗೆ ಒಂದು ಪ್ಯಾಕೇಜ್ ಹಾಕಿಕೊಳ್ಳಲು ನಮಗೆ ಅನುಮತಿಯಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು ಹೇಗೋ ಕಲಿಯುತ್ತಾರೆ. ಇಲ್ಲದವರಿಗೆ ಲ್ಯಾಬೇ ಗತಿ. ಆದ್ದರಿಂದ ಈ ನಿಯಮ ಬದಲಾಗಬೇಕು.

ನಮ್ಮ ವಾಣಿವಿಲಾಸ ಸಾಗರವನ್ನೇ ನೋಡಿ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷಗಳ ನೀರಿನ ಮಟ್ಟವನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಲು ಇಡೀ ಮಧ್ಯಾಹ್ನ ಬೇಕು. ಅಂಕಿಅಂಶ ಕೈಯಲ್ಲಿದ್ದು ಮ್ಯಾಟ್‌ಪ್ಲಾಟ್‌ಲಿಬ್ ಇದ್ದರೆ ಹತ್ತು ಸಾಲಿನ ಕೆಲಸ.

ಪಿಪ್‌ಗೆ ಹೆಸರು ಹೇಳಿದರೆ ಅದು ಸಾಮಾನ್ಯವಾಗಿ 'ವೀಲ್' ಎಂಬ ಸಿದ್ಧ ಕಡತ ತರುತ್ತದೆ. ಹಬ್ಬಕ್ಕೆ ರೆಡಿಮೇಡ್ ಅಂಗಿ ತಂದ ಹಾಗೆ. ನಮ್ಮ ಅಳತೆಯದು ಅಂಗಡಿಯಲ್ಲಿ ಇಲ್ಲದಿದ್ದರೆ ಬಟ್ಟೆ ತಂದು ಹೊಲಿಸಬೇಕಲ್ಲ, ಹಾಗೆಯೇ ವೀಲ್ ಸಿಗದಿದ್ದರೆ ಪಿಪ್ ಸೋರ್ಸ್ ಕೋಡ್ ತಂದು ಇಲ್ಲೇ ಕಟ್ಟಲು ಹೊರಡುತ್ತದೆ. ನಂಪೈನ ಒಳಗೆ ಬಹುಪಾಲು ವೇಗದ ಕೆಲಸ ಮಾಡುವುದು ಸಿ ಭಾಷೆ. ಕಂಪೈಲರ್ ಇಲ್ಲದಿದ್ದರೆ ಪರದೆ ತುಂಬ ಕೆಂಪು ಅಕ್ಷರ! ನಾವು ಕೊನೆಯ ಸಾಲು ನೋಡಿ ಗಾಬರಿಯಾಗುತ್ತೇವೆ, ನಿಜವಾದ ಕಾರಣ ಎಷ್ಟೋ ಸಲ ನಲವತ್ತು ಸಾಲು ಮೇಲಿರುತ್ತದೆ. ಅದನ್ನು ಹುಡುಕಿ ಓದುವುದೇ ಒಂದು ಪಾಠ, ಯಾವ ಪ್ರಶ್ನೆಪತ್ರಿಕೆಯಲ್ಲೂ ಬಾರದ ಪಾಠ.

ಹಳೆಯ ಕಂಪ್ಯೂಟರುಗಳಲ್ಲಿ ಇದು ಇನ್ನೂ ಮುಖ್ಯ. ವಿಂಡೋಸ್ 7ಕ್ಕೆ ಪೈಥಾನ್ 3.8 ಕೊನೆಯದು, ಪೈಥಾನ್ 3.8ಕ್ಕೆ ನಂಪೈ 1.24 ಕೊನೆಯದು. ಇದು ಗೊತ್ತಿದ್ದರೆ ಹಳೆಯ ಯಂತ್ರವೂ ಉಪಯೋಗಕ್ಕೆ ಬರುತ್ತದೆ, ಗೊತ್ತಿಲ್ಲದಿದ್ದರೆ 'ಕೆಟ್ಟಿದೆ' ಎಂದು ಮೂಲೆ ಸೇರುತ್ತದೆ.

ಮಕ್ಕಳು ಏನೇನೋ ಹಾಕಿ ಕೆಡಿಸುತ್ತಾರೆ ಎಂಬ ಉಪನ್ಯಾಸಕರ ಆತಂಕ ಸುಳ್ಳಲ್ಲ. ಹೆಸರಿನ ಒಂದು ಅಕ್ಷರ ತಪ್ಪಿದರೂ ಮೋಸದ ಪ್ಯಾಕೇಜ್ ಬರಬಹುದು. ಸೋರ್ಸ್‌ನಿಂದ ಕಟ್ಟುವಾಗ ಅದರ ಕೋಡ್ ನಮ್ಮ ಯಂತ್ರದಲ್ಲೇ ಓಡುತ್ತದೆ. ಹಾಗಾಗಿ ಉಪನ್ಯಾಸಕರು ಒಪ್ಪಿದ ಹೆಸರುಗಳ ಪಟ್ಟಿ ಗೋಡೆಗೆ ಅಂಟಿಸಿರಲಿ. ಪ್ರತಿ ವಿದ್ಯಾರ್ಥಿಗೆ 'ವೆನ್ವ್' ಎಂಬ ಪ್ರತ್ಯೇಕ ಫೋಲ್ಡರ್ ಇದ್ದರೆ ಒಬ್ಬರ ಪ್ಯಾಕೇಜ್ ಇನ್ನೊಬ್ಬರದಕ್ಕೆ ಅಡ್ಡ ಬರುವುದಿಲ್ಲ, ಗೊಂದಲವಾದರೆ ಆ ಫೋಲ್ಡರ್ ಅಳಿಸಿದರಾಯಿತು.

ಇಂಟರ್ನೆಟ್ ನಿಧಾನ ಎನ್ನುವುದೂ ನೆಪವಾಗಬಾರದು. 'ಪಿಪ್ ಡೌನ್‌ಲೋಡ್' ಎಂದು ಒಂದು ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವ್‌ನಲ್ಲಿ ಉಳಿದವಕ್ಕೆ ಹಾಕಬಹುದು. ತಿಂಗಳಿಗೆ ಒಂದು ಶನಿವಾರ, ತರಗತಿ ಮುಗಿದ ಮೇಲೆ ಎರಡು ಗಂಟೆ ಲ್ಯಾಬ್ ತೆರೆದಿಟ್ಟರೆ ಸಾಕು. ಮೊದಲ ವಾರ ನಂಪೈ ವೀಲ್ ಹಾಕೋಣ, ಮುಂದಿನ ಸಲ ಅದನ್ನೇ ಸೋರ್ಸ್‌ನಿಂದ ಕಟ್ಟೋಣ.