ಕೇಳುವುದು ಮತ್ತು ಕಾಪಿಡುವುದು

ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳನ್ನು ಮನೆಯಲ್ಲಿ ಕೂಡಿಡುವ ಅಭ್ಯಾಸ ಇಂದು ಬಹುತೇಕರಿಗೆ ಅನಾವಶ್ಯಕವೆಂದು ತೋರುತ್ತದೆ. ಮಲ್ಲಿಕಾರ್ಜುನ ಮನ್ಸೂರರೂ ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಮೊಬೈಲಿನಲ್ಲಿ ಬೆರಳ ತುದಿಗೆ ಸಿಗುತ್ತಿರುವಾಗ ಕಪಾಟಿನ ತುಂಬ ಕ್ಯಾಸೆಟ್ಟು, ಸಿ.ಡಿ.ಗಳನ್ನಿಟ್ಟು ಧೂಳೊರೆಸುವುದೇಕೆ ಎಂಬ ಪ್ರಶ್ನೆ ಸಹಜವಾದುದು. ಚೆರ್ಕಳ–ಜಾಲ್ಸೂರು ರಸ್ತೆಯ ಬೋವಿಕಾನದಂತಹ ಊರಿನಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಬಲವಿದೆ. ಒಂದು ಒಳ್ಳೆಯ ಮುದ್ರಿಕೆಗಾಗಿ ಕಾಸರಗೋಡಿಗೋ ಮಂಗಳೂರಿಗೋ ಬಸ್ಸು ಹತ್ತಬೇಕಾಗಿದ್ದ ಕಾಲ ಕಳೆದುಹೋಗಿದೆ. ಈ ಲಾಭವನ್ನು ಮನಃಪೂರ್ವಕವಾಗಿ ಒಪ್ಪಿಕೊಂಡೇ ಹೇಳಬೇಕಾದ ಮಾತೊಂದಿದೆ. ಸ್ಟ್ರೀಮಿಂಗ್ ಕೇಳುವ ಅವಕಾಶವನ್ನು ಕೊಡುತ್ತದೆ. ಕಾಪಿಡುವ ಹೊಣೆಯನ್ನು ಹೊರುವುದಿಲ್ಲ. ಆ ಹೊಣೆಯನ್ನು ಹೊರುವವರು ಇಲ್ಲವಾದರೆ ಗಡಿನಾಡಿನ ಕನ್ನಡಿಗರ ಸಂಗೀತದ ಒಂದು ಪಾಲು ಯಾರ ಗಮನಕ್ಕೂ ಬಾರದೆ ಅಳಿದುಹೋಗುತ್ತದೆ.

ಕೇಳ್ಮೆಯ ಅವಕಾಶ ಎಷ್ಟು ದೊಡ್ಡದೆಂಬುದು ಹಿಂದಿನದನ್ನು ನೆನೆದಾಗ ತಿಳಿಯುತ್ತದೆ. ಗ್ರಾಮಫೋನ್ ಕಂಪೆನಿ ಕಲ್ಕತ್ತೆಯಲ್ಲಿ ಭಾರತೀಯ ಸಂಗೀತವನ್ನು ಮುದ್ರಿಸತೊಡಗಿದ್ದು 1902ರಲ್ಲಿ. ಆಗ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅಂದಿನ ಮುದ್ರಿಕೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಅದನ್ನು ಕೊಳ್ಳುವ ಶಕ್ತಿ ಕೆಲವರಿಗಷ್ಟೇ ಇತ್ತು. ಉಳಿದವರು ಅಂಗಡಿಯ ಮುಂದೆ ನಿಂತು ಕೇಳಬೇಕಾಗಿತ್ತು. ಗದಗಿನ ಬಾಲಕ ಭೀಮಸೇನ ಜೋಶಿ ಹಾಗೆ ಕೇಳಿದ್ದು ಅಬ್ದುಲ್ ಕರೀಂ ಖಾನರ ಜಿಂಜೋಟಿ ರಾಗದ ಠುಮರಿಯನ್ನು. ಅದೇ ಧ್ವನಿಯ ಬೆನ್ನುಹತ್ತಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಅವರು ಮನೆ ಬಿಟ್ಟು ಹೊರಟರು. ಮೂರು ನಿಮಿಷದ ಮುದ್ರಿಕೆಯೊಂದು ಕನ್ನಡ ನಾಡಿಗೆ ಒಬ್ಬ ಮಹಾಗಾಯಕನನ್ನು ಕೊಟ್ಟಿತೆಂದರೆ ಅತಿಶಯೋಕ್ತಿಯಲ್ಲ. ಇಂದು ಬೋವಿಕಾನದ ವಿದ್ಯಾರ್ಥಿನಿಯೊಬ್ಬಳು ಅದೇ ಠುಮರಿಯನ್ನು ಮನೆಯ ಜಗಲಿಯಲ್ಲಿ ಕುಳಿತು ಎಷ್ಟು ಸಲ ಬೇಕಾದರೂ ಕೇಳಬಲ್ಲಳು.

ಹಾಗಾದರೆ ಸಂಗ್ರಹದಿಂದ ಆಗುವ ಹೆಚ್ಚಿನ ಪ್ರಯೋಜನವೇನು? ಈ ಪ್ರಶ್ನೆಗೆ ಮೈಸೂರಿನ ಜಯಚಾಮರಾಜ ಒಡೆಯರ ಉದಾಹರಣೆಯಲ್ಲಿ ಉತ್ತರವಿದೆ. ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಆ ವಾಗ್ಗೇಯಕಾರರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಾವಿರಾರು ಮುದ್ರಿಕೆಗಳನ್ನು ಕೂಡಿಸಿದ್ದರು. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರರ ಸಂಗೀತ ಅವರಿಗೆ ಪ್ರಿಯವಾಗಿತ್ತು. ಆದರೆ ಅದು ಮುದ್ರಿಕೆಗಳಲ್ಲಿ ದೊರೆಯುವುದು ತೀರ ಕಡಮೆಯಾಗಿತ್ತು. ಲಂಡನ್ನಿನಲ್ಲಿ ವೃದ್ಧಾಪ್ಯ, ಅನಾರೋಗ್ಯಗಳಲ್ಲಿ ದಿನ ಕಳೆಯುತ್ತಿದ್ದ ಮೆಟ್ನರ್ ತಮ್ಮ ರಚನೆಗಳನ್ನು ತಾವೇ ನುಡಿಸಿ ಮುದ್ರಿಸುವಂತೆ ಮಹಾರಾಜರು ಧನಸಹಾಯ ಮಾಡಿದರು. ಮೂರು ಪಿಯಾನೊ ಕನ್ಚರ್ಟೊಗಳು ರಚನಕಾರರದೇ ಕೈಯಲ್ಲಿ ಉಳಿದುಬಂದದ್ದು ಹೀಗೆ. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಇನ್ನು ಕೆಲವು ವರ್ಷ ತಡವಾಗಿದ್ದರೆ ಆ ಕೈಯ ನುಡಿತ ಜಗತ್ತಿಗೆ ದೊರೆಯುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದುದು ಅರಸರ ಸಂಪತ್ತಿಗಿಂತ ಹೆಚ್ಚಾಗಿ ಅವರ ಕಣ್ಣನ್ನು. ತನ್ನಲ್ಲಿ ಏನಿದೆಯೆಂಬುದನ್ನು ಕ್ರಮವಾಗಿ ಬಲ್ಲವನಿಗೆ ಏನಿಲ್ಲವೆಂಬುದೂ ಕಾಣಿಸುತ್ತದೆ. ಸ್ಟ್ರೀಮಿಂಗಿನ ಶ್ರೋತೃವಿಗೆ ಈ ಕೊರತೆ ಕಾಣುವುದು ಕಷ್ಟ. ಒಂದು ಹಾಡು ಮುಗಿದೊಡನೆ ಇನ್ನೊಂದು ತಾನಾಗಿ ಮೊದಲಾಗುತ್ತದೆ. ಕೇಳಿದ್ದು ಸಿಗದಿದ್ದರೆ ಅದನ್ನು ಹೋಲುವ ಮತ್ತೊಂದು ಮುಂದೆ ಬರುತ್ತದೆ. ಎಲ್ಲವೂ ಅಲ್ಲಿದೆಯೆಂಬ ಭಾವನೆ ಬೆಳೆದಂತೆ, ಅಲ್ಲಿಲ್ಲದ್ದು ಎಲ್ಲಿಯೂ ಇಲ್ಲವೆಂಬ ತೀರ್ಮಾನಕ್ಕೆ ಮನಸ್ಸು ಒಗ್ಗಿಕೊಳ್ಳುತ್ತದೆ.

ಅಲ್ಲಿರುವುದೂ ಗುರುತು ಸಿಗುವಂತೆ ಇರುತ್ತದೆಯೆಂದಲ್ಲ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಮುದ್ರಿಕೆಗಳು ಹೊರಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಅವರ ಕಂಠ ಬದಲಾಗಿ, ಜನ ಬಲ್ಲ ಗಂಭೀರ ಧ್ವನಿಯಾಯಿತು. ಗಾಂಧಾರಿಯ ತಾರಧ್ವನಿಯನ್ನೂ ಗಂಗೂಬಾಯಿಯ ಖರ್ಜದ ಧ್ವನಿಯನ್ನೂ ಅಕ್ಕಪಕ್ಕದಲ್ಲಿಟ್ಟು ಕೇಳಿದಾಗ ಮಾತ್ರ ಒಬ್ಬ ಕಲಾವಿದೆಯ ಜೀವನದ ತಿರುವು ಅರ್ಥವಾಗುತ್ತದೆ. ಒಂದೇ ಹೆಸರನ್ನು ಹುಡುಕುವವರಿಗೆ ಈ ಎರಡೂ ಒಟ್ಟಿಗೆ ಸಿಗುವ ಭರವಸೆಯಿಲ್ಲ. ರಾಗಗಳ ವಿಷಯವೂ ಹೀಗೆಯೇ. ಕರ್ನಾಟಕ ಪದ್ಧತಿಯ ತೋಡಿ ಬೇರೆ, ಹಿಂದುಸ್ತಾನಿ ತೋಡಿ ಬೇರೆ. ಕರ್ನಾಟಕದ ಹಿಂದೋಳಕ್ಕೆ ಹತ್ತಿರವಾದುದು ಹಿಂದುಸ್ತಾನಿ ಮಾಲಕೌಂಸ್, ಹಿಂದೋಲವಲ್ಲ. ಎರಡು ಪದ್ಧತಿಗಳೂ ಕೂಡುವ ಭಾಷೆ ಕನ್ನಡವಾದ್ದರಿಂದ ಕನ್ನಡ ಬಲ್ಲ ಶ್ರೋತೃವಿಗೆ ಈ ವಿವೇಕ ಹೆಚ್ಚು ಅಗತ್ಯ. ತನ್ನ ಕೈಯಿಂದ ಹೆಸರು ಬರೆದು ಜೋಡಿಸಿದ ಸಂಗ್ರಹವು ಅದನ್ನು ಕಲಿಸುವ ಶಾಲೆಯಾಗುತ್ತದೆ.

ಸೇವೆಗಳ ಆಯುಷ್ಯವಾದರೂ ದೀರ್ಘವೇ? ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿಯೂ ಭಾರತದ ವಿಂಕ್ ಮ್ಯೂಸಿಕ್ 2024ರಲ್ಲಿಯೂ ಮುಚ್ಚಿದವು. ಚಂದಾ ಕೊಟ್ಟು ಡೌನ್‌ಲೋಡ್ ಮಾಡಿಟ್ಟ ಹಾಡು ಚಂದಾ ಮುಗಿದೊಡನೆ ನುಡಿಯುವುದನ್ನು ನಿಲ್ಲಿಸುತ್ತದೆ. ಬಾಡಿಗೆ ಮನೆಯಲ್ಲಿ ವಾಸಿಸುವುದು ತಪ್ಪಲ್ಲ; ಅದನ್ನು ಸ್ವಂತ ಮನೆಯೆಂದು ಭಾವಿಸಿ ದೇವರಕೋಣೆಯನ್ನು ಅಲ್ಲಿಯೇ ಕಟ್ಟಿಸುವುದು ಅವಿವೇಕ.

ಇಷ್ಟೆಲ್ಲ ಪ್ರಸಿದ್ಧರ ಮಾತಾಯಿತು. ಭೀಮಸೇನ ಜೋಶಿ, ಗಂಗೂಬಾಯಿಯವರ ಧ್ವನಿ ಯಾವುದಾದರೊಂದು ಮೂಲದಲ್ಲಿ ಉಳಿದೀತು. ಬೋವಿಕಾನ, ಮುಳ್ಳೇರಿಯ, ಆದೂರು, ಎಡನೀರುಗಳ ಆಸುಪಾಸಿನ ಹಳೆಯ ಕ್ಯಾಸೆಟ್ಟುಗಳ ಸ್ಥಿತಿ ಬೇರೆ. ಟೇಪ್ ರೆಕಾರ್ಡರು ಮನೆಮನೆಗೆ ಬಂದ ದಶಕಗಳಲ್ಲಿ ಜನರು ದೇವಸ್ಥಾನದ ಉತ್ಸವದ ಕಚೇರಿಯನ್ನು, ಮದುವೆ ಮನೆಯ ದೇವರನಾಮವನ್ನು, ಮಂಗಳೂರು ಆಕಾಶವಾಣಿಯ ಪ್ರಸಾರವನ್ನು, ರಾತ್ರಿಯಿಡೀ ನಡೆದ ತಾಳಮದ್ದಳೆಯನ್ನು ತಮ್ಮ ಸಂತೋಷಕ್ಕಾಗಿ ಮುದ್ರಿಸಿಕೊಂಡರು. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು ದೇಶಕ್ಕೆ ಪರಿಚಿತರಾದದ್ದು 1973ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ. ಈ ಪ್ರದೇಶದ ಜನಕ್ಕೆ ಅವರು 2020ರಲ್ಲಿ ತೀರಿಕೊಳ್ಳುವವರೆಗೂ ಹಾಡುಗಾರರಾಗಿ, ಸಂಗೀತ–ಯಕ್ಷಗಾನಗಳ ಪೋಷಕರಾಗಿ ಹತ್ತಿರದವರಾಗಿದ್ದರು. ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು 2023ರಲ್ಲಿ ಅಗಲಿದರು. ಯಕ್ಷಗಾನವನ್ನು ಶಾಸ್ತ್ರೀಯವೆನ್ನಬಹುದೇ ಎಂಬ ಚರ್ಚೆ ಹಳೆಯದು. ಅದು ಇತ್ಯರ್ಥವಾಗುವವರೆಗೆ ಟೇಪು ಕಾಯುವುದಿಲ್ಲ. ಭಾಗವತರ ಒಂದು ರಾತ್ರಿಯ ಪದ ಇನ್ನೊಂದು ರಾತ್ರಿಯ ಪದದಂತಿರುವುದಿಲ್ಲ. ಒಂದೊಂದು ಕ್ಯಾಸೆಟ್ಟೂ ಒಂದೊಂದು ಪಾಠಾಂತರ. ಅನೇಕ ವೇಳೆ ಅದರ ಏಕೈಕ ಪ್ರತಿ.

ಈ ಪ್ರತಿಗಳ ಶತ್ರು ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಟೇಪಿಗೆ ಬೂಸಲು ಹಿಡಿಯುತ್ತದೆ. ಕಾಂತೀಯ ಲೇಪನವನ್ನು ಹಿಡಿದಿಟ್ಟ ಅಂಟು ತೇವವನ್ನು ಹೀರಿ ಸಡಿಲಾಗುತ್ತದೆ. ನುಡಿಸುವ ಯಂತ್ರ ಕೆಟ್ಟರೆ ದುರಸ್ತಿ ಮಾಡುವವರು ವಿರಳ. ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ. ಹಾಡಿದವರು ಯಾರು, ಮದ್ದಳೆ ಯಾರದು, ಎಲ್ಲಿಯ ಕಾರ್ಯಕ್ರಮ ಎಂಬುದನ್ನು ಹೇಳಬಲ್ಲವರು ಮನೆಯ ಹಿರಿಯರು. ಅವರು ಇಲ್ಲವಾದ ಮೇಲೆ ಧ್ವನಿ ಉಳಿದರೂ ಅದು ಅನಾಮಧೇಯವಾಗುತ್ತದೆ. ಈ ಕೆಲಸ ಕೇರಳದ ಸಂಸ್ಥೆಗಳಿಗೆ ಕನ್ನಡದ್ದೆಂದೂ ಕರ್ನಾಟಕದ ಸಂಸ್ಥೆಗಳಿಗೆ ಗಡಿಯಾಚೆಯದೆಂದೂ ತೋರುವ ಅಪಾಯ 1956ರಿಂದಲೂ ಇದೆ. ಆದ್ದರಿಂದ ಇದು ಮನೆಗಳಿಂದಲೇ ಮೊದಲಾಗಬೇಕು.

ಮೊದಲು ಮಾಡಬೇಕಾದುದು ದೊಡ್ಡ ಖರ್ಚಿನ ಕೆಲಸವಲ್ಲ. 90 ನಿಮಿಷದ ಒಂದು ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಸುಮಾರು 950 ಎಂ.ಬಿ. ಆಗುತ್ತದೆ, ಧ್ವನಿಯ ಯಾವ ಅಂಶವನ್ನೂ ಬಿಡದೆ ಅಡಕಗೊಳಿಸುವ ಫ್ಲಾಕ್ ರೂಪದಲ್ಲಿ ಅದರ ಅರ್ಧದಷ್ಟು ಸಾಕು. ಒಂದು ಟಿ.ಬಿ. ಡಿಸ್ಕಿನಲ್ಲಿ ಹೆಚ್ಚುಕಡಮೆ ಎರಡು ಸಾವಿರ ಕ್ಯಾಸೆಟ್ಟುಗಳು ಹಿಡಿಯುತ್ತವೆ. ಬೇಕಾದುದು ಸಮಯ: 90 ನಿಮಿಷದ ಟೇಪನ್ನು ಇಳಿಸಲು 90 ನಿಮಿಷವೇ ಬೇಕು, ನೂರಕ್ಕೆ 150 ಗಂಟೆ. ಎಲ್ಲವನ್ನೂ ಇಳಿಸಬೇಕೆಂದಿಲ್ಲ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟು ಬೇರೆಡೆಯೂ ಇದ್ದೀತು. ಮನೆಯಲ್ಲಿ ಮುದ್ರಿಸಿದ್ದು ಮೊದಲು ಸಲ್ಲಬೇಕು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇದ್ದರೆ ಕ್ಷೇಮ. ಗಾಯಕರು, ಪಕ್ಕವಾದ್ಯದವರು, ರಾಗ, ತಾಳ, ರಚನಕಾರರು, ಸ್ಥಳ, ಇಸವಿ—ಇವನ್ನು ಕನ್ನಡದಲ್ಲಿ ಬರೆದಿಡಬೇಕು. ಗೊತ್ತಿಲ್ಲದ್ದನ್ನು ಊಹಿಸಿ ತುಂಬಿಸದೆ ಖಾಲಿ ಬಿಡುವುದು ಸಂಗ್ರಾಹಕನ ಪ್ರಾಮಾಣಿಕತೆ.

ಕನ್ನಡ ವಿಭಾಗಕ್ಕೆ ಈ ಕೆಲಸ ಪರಕೀಯವಲ್ಲ. ಓಲೆಗರಿಯ ಪ್ರತಿಗಳನ್ನು ಹೋಲಿಸಿ, ಲಿಪಿಕಾರನ ಹೆಸರು ಹುಡುಕಿ, ಪಾಠ ನಿರ್ಣಯಿಸುವ ಗ್ರಂಥಸಂಪಾದನೆಯನ್ನು ಕಲಿತವರಿಗೆ ಧ್ವನಿಯೂ ಒಂದು ಗ್ರಂಥವೇ. ಪುರಂದರದಾಸರ ಪದಗಳ ಸಾಹಿತ್ಯ ಉಳಿಯಿತು. ಅವುಗಳ ಮೂಲ ಸ್ವರರಚನೆ ಬಹುಮಟ್ಟಿಗೆ ಮರೆಯಾಯಿತು. ಅಂದು ಧ್ವನಿಯನ್ನು ಹಿಡಿದಿಡುವ ಸಾಧನವಿರಲಿಲ್ಲ. ಸಾಧನವಿದ್ದೂ ಕಳೆದುಕೊಂಡರೆ ಇಂದಿನ ತಲೆಮಾರಿಗೆ ಆ ಸಮಾಧಾನವೂ ಇರದು.

ಹಕ್ಕಿನ ಪ್ರಶ್ನೆಯನ್ನು ಮರೆಯುವಂತಿಲ್ಲ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಬಳಿಕ 60 ವರ್ಷ, ಕಲಾವಿದರ ಪ್ರದರ್ಶನದ ಹಕ್ಕು 50 ವರ್ಷ. 1960ಕ್ಕೆ ಮೊದಲು ಪ್ರಕಟವಾದ ಮುದ್ರಿಕೆಗಳು ಈ ಕಟ್ಟಿನಿಂದ ಬಿಡುಗಡೆ ಹೊಂದಿವೆ. 1990ರ ಉತ್ಸವದ ಟೇಪು ಹೊಂದಿಲ್ಲ. ಕಾಪಿಡುವುದು ಬೇರೆ, ಪ್ರಕಟಿಸುವುದು ಬೇರೆ. ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆಯಿಲ್ಲದೆ ಜಾಲತಾಣಕ್ಕೆ ಏರಿಸುವುದು ಕಲೆಯ ಸೇವೆಯೆನಿಸದು. ಒಪ್ಪಿಗೆ ಕೇಳಲು ಹೋಗುವ ವಿದ್ಯಾರ್ಥಿಗೆ ಆ ಮನೆಗಳಲ್ಲಿ ಇನ್ನಷ್ಟು ಮಾಹಿತಿ, ಕೆಲವೊಮ್ಮೆ ಇನ್ನೊಂದು ಕ್ಯಾಸೆಟ್ಟು ದೊರೆಯುವುದೂ ಉಂಟು.

ಖಾಸಗಿ ಸಂಗ್ರಹ ಸ್ವಾರ್ಥವೆಂಬ ಆಕ್ಷೇಪಕ್ಕೂ ಇದೇ ಜಿಲ್ಲೆಯಲ್ಲಿ ಉತ್ತರವಿದೆ. ಮಂಜೇಶ್ವರದ ಗೋವಿಂದ ಪೈಗಳು ಜೀವಮಾನವಿಡೀ ತಮ್ಮ ಅಧ್ಯಯನಕ್ಕೆಂದು ಕೂಡಿಸಿದ ಪುಸ್ತಕಗಳು 1963ರಲ್ಲಿ ಅವರು ತೀರಿಕೊಂಡ ಬಳಿಕ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿ, ಅವರ ಹೆಸರಿನ ಸಂಶೋಧನ ಕೇಂದ್ರಕ್ಕೆ ಆಧಾರವಾದವು. ಕ್ರಮಬದ್ಧವಾಗಿದ್ದ ಖಾಸಗಿ ಸಂಗ್ರಹ ಒಂದು ದಿನ ಸಾರ್ವಜನಿಕವಾಗಬಲ್ಲುದು. ಗುರುತಿಲ್ಲದ ರಾಶಿ ಗುಜರಿಗೆ ಹೋಗುತ್ತದೆ.

ಸ್ಟ್ರೀಮಿಂಗನ್ನು ತೊರೆಯಬೇಕಾದ ಅಗತ್ಯವಿಲ್ಲ. ಮನ್ಸೂರರನ್ನು ಅಲ್ಲಿ ಕೇಳಲಿ, ಕಿವಿ ಹದಗೊಳ್ಳಲಿ. ಹದಗೊಂಡ ಆ ಕಿವಿ ತನ್ನ ಮನೆಯ ಅಟ್ಟದ ಪೆಟ್ಟಿಗೆಯ ಕಡೆಗೂ ತಿರುಗಬೇಕು. ಮುಂದಿನ ಮಳೆಗಾಲಕ್ಕೆ ಮೊದಲು ಬೋವಿಕಾನದ ಹತ್ತು ಮನೆಗಳಲ್ಲಿ ಹತ್ತು ಕ್ಯಾಸೆಟ್ಟುಗಳು ಉಳಿದು, ಹಿರಿಯರ ಬಾಯಿಂದ ಅವುಗಳ ಹೆಸರು ಬರಹಕ್ಕೆ ಇಳಿದರೆ, ಯಾವ ಕಂಪೆನಿಯ ಬಳಿಯೂ ಇಲ್ಲದ ನೂರು ಧ್ವನಿಗಳು ಕನ್ನಡಕ್ಕೆ ದಕ್ಕುತ್ತವೆ.